'ಸಭೆಯಲ್ಲಿ ಪಾಸಾಗಿದೆ' ಅಂತಾರೆ, ನಮಗೆ ಗೊತ್ತಾಗೋದು ಯಾವಾಗ?

ಪ್ರಶ್ನೆ: ನಮ್ಮದು ನಗರಸಭೆ ಇರುವ ಊರು. ನಾನು ನಿವೃತ್ತ ಶಿಕ್ಷಕಿ, ನಮ್ಮ ಬಡಾವಣೆ ಸಂಘದ ಕಾರ್ಯದರ್ಶಿ. ಮೂರು ವಾರದ ಹಿಂದೆ ಬೆಳಿಗ್ಗೆ ಎದ್ದು ನೋಡಿದರೆ ಮನೆ ಎದುರಿನ ಖಾಲಿ ಜಾಗಕ್ಕೆ ಜೆಸಿಬಿ ಬಂದಿತ್ತು. ಪೇಟೆಯಲ್ಲಿ ನಡೆಯುವ ಸೋಮವಾರದ ಸಂತೆಯನ್ನು ಇಲ್ಲಿಗೆ ತರುತ್ತಾರಂತೆ. ನಗರಸಭೆಗೆ ಹೋಗಿ ಕೇಳಿದೆವು. "ನಾಲ್ಕು ತಿಂಗಳ ಹಿಂದೆಯೇ ಸಾಮಾನ್ಯ ಸಭೆಯಲ್ಲಿ ಪಾಸಾಗಿದೆ, ನಿಮಗೆ ಗೊತ್ತಿಲ್ವಾ?" ಎಂದರು. ನಮ್ಮ ಬೀದಿಯ ಒಬ್ಬರಿಗೂ ಗೊತ್ತಿರಲಿಲ್ಲ. ಸಭೆಯಲ್ಲಿ ಏನು ಬರುತ್ತದೆ, ಏನು ತೀರ್ಮಾನವಾಗುತ್ತದೆ ಎಂದು ನಮ್ಮ ಜನಕ್ಕೆ ಮೊದಲೇ ತಿಳಿಸುವುದು ಹೇಗೆ? 140 ಮನೆಗಳ ವಾಟ್ಸಾಪ್ ಗುಂಪಿದೆ. ಅದರಲ್ಲಿ ಗುಡ್ ಮಾರ್ನಿಂಗ್ ಬಿಟ್ಟರೆ ಬೇರೇನೂ ಬರುವುದಿಲ್ಲ.

ಉತ್ತರ: ಮೇಡಂ, "ನಿಮಗೆ ಗೊತ್ತಿಲ್ವಾ" ಎನ್ನುವ ಆ ಮಾತನ್ನು ನಾನೂ ಆಡಿದ್ದೇನೆ, ಕೌಂಟರಿನ ಒಳಗಡೆ ಕೂತುಕೊಂಡು. ಪುರಸಭೆ, ನಗರಸಭೆ ಎಂದು ಊರೂರು ಸುತ್ತಿ ರಿಟೈರ್ ಆದವನು ನಾನು. ಅದರಲ್ಲಿ ಹನ್ನೊಂದು ವರ್ಷ ಸಭೆಯ ನಡಾವಳಿ, ಅಂದರೆ ಸಭೆಯಲ್ಲಿ ಏನು ಚರ್ಚೆಯಾಯಿತು, ಏನು ತೀರ್ಮಾನವಾಯಿತು ಎಂಬ ದಾಖಲೆ, ಬರೆಯುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ನಿಮಗೆ ಉತ್ತರ ಹೇಳುವ ಋಣ ಸ್ವಲ್ಪ ಇದೆ ಎಂದುಕೊಳ್ಳಿ.

ಜನ ಕಚೇರಿಗೆ ಬಂದಾಗ ಯಾವಾಗಲೂ ನಡಾವಳಿ ಕೇಳುತ್ತಾರೆ. ಏನು ತೀರ್ಮಾನ ಆಯಿತು, ಠರಾವಿನ (ನಿರ್ಣಯದ) ನಂಬರ್ ಎಷ್ಟು, ಯಾರು ಒಪ್ಪಿದರು ಎಂದು. ಅಷ್ಟು ಹೊತ್ತಿಗೆ ಕೆಲಸ ಮುಗಿದಿರುತ್ತದೆ. ನೀವು ಹಿಡಿಯಬೇಕಾದದ್ದು ಅದಕ್ಕಿಂತ ಮುಂಚಿನ ಕಾಗದ. ಅದರ ಹೆಸರು ವಿಷಯಸೂಚಿ. ಕಚೇರಿಯಲ್ಲಿ ಎಲ್ಲರೂ ಅಜೆಂಡಾ ಅಂತಲೇ ಕರೆಯುತ್ತಾರೆ. ಸಭೆಗೆ ಕೆಲವು ದಿನ ಮುಂಚೆ ಅದು ಪ್ರತಿ ಸದಸ್ಯರಿಗೂ ಹೋಗುತ್ತದೆ. ಬೀದಿಯ ಜನ ಬಾಯಿ ತೆರೆದರೆ ಪ್ರಯೋಜನ ಇರುವುದು ಆ ಕೆಲವು ದಿನಗಳಲ್ಲಿ. ಆಮೇಲೆ ಹೋಗುವುದು ಮದುವೆ ಮುಗಿದ ಮೇಲೆ ಹೆಣ್ಣು ನೋಡಲು ಹೋದ ಹಾಗೆ.

ಅಜೆಂಡಾ ಹೇಗೆ ತಯಾರಾಗುತ್ತದೆ ಎಂದು ಹೇಳುತ್ತೇನೆ, ಓದಲು ಸುಲಭ ಆಗುತ್ತದೆ. ಕಂದಾಯ, ಇಂಜಿನಿಯರಿಂಗ್, ಆರೋಗ್ಯ, ಹೀಗೆ ಒಂದೊಂದು ವಿಭಾಗದವರು ತಮ್ಮ ವಿಷಯದ ಟಿಪ್ಪಣಿ ಕಳಿಸುತ್ತಾರೆ. ಗುಮಾಸ್ತ ಎಲ್ಲ ಒಟ್ಟುಮಾಡಿ ನಗರಸಭೆಯ ಮುಖ್ಯ ಅಧಿಕಾರಿಯಾದ ಪೌರಾಯುಕ್ತರ ಮುಂದಿಡುತ್ತಾನೆ. ಅಧ್ಯಕ್ಷರು ನೋಡಿ ದಿನಾಂಕ ಗೊತ್ತು ಮಾಡುತ್ತಾರೆ. ಮೊದಲ ಐಟಂ ಬಹುತೇಕ ಒಂದೇ: ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವ ಬಗ್ಗೆ. ಆಮೇಲೆ ತಿಂಗಳ ಜಮಾ ಖರ್ಚು. ಆಮೇಲೆ ಕಾಮಗಾರಿಗಳು, ಟೆಂಡರ್‌ಗಳು, ಮಳಿಗೆ ಬಾಡಿಗೆ, ಅರ್ಜಿಗಳು. ಕೊನೆಯಲ್ಲಿ, "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು."

ನಿಮ್ಮ ಸಂತೆಯ ವಿಷಯ ಅದರಲ್ಲಿ ಹೇಗಿದ್ದಿರಬಹುದು ಎಂದು ನಾನು ನೋಡದೆಯೇ ಬರೆದು ತೋರಿಸಬಲ್ಲೆ. "ನಗರಸಭಾ ವ್ಯಾಪ್ತಿಯಲ್ಲಿ ನಡೆಯುತ್ತಿರುವ ವಾರದ ಸಂತೆಯನ್ನು ಸ.ನಂ. ಇಷ್ಟು, ಬೈ ಇಷ್ಟರಲ್ಲಿರುವ ನಗರಸಭಾ ಸ್ವತ್ತಿಗೆ ಸ್ಥಳಾಂತರಿಸುವ ಹಾಗೂ ಮೂಲಸೌಕರ್ಯ ಕಲ್ಪಿಸಲು ತಗಲುವ ವೆಚ್ಚಕ್ಕೆ ಮಂಜೂರಾತಿ ನೀಡುವ ಬಗ್ಗೆ." ಇದರಲ್ಲಿ ನಿಮ್ಮ ಬೀದಿಯ ಹೆಸರು ಎಲ್ಲಿದೆ? ಬಡಾವಣೆಯ ಹೆಸರಾದರೂ ಇದೆಯಾ? ನೀವು ಆ ಹಾಳೆಯನ್ನು ನಾಲ್ಕು ತಿಂಗಳ ಹಿಂದೆಯೇ ಓದಿದ್ದರೂ ಪಕ್ಕಕ್ಕಿಟ್ಟು ಕಾಫಿ ಕುಡಿಯಲು ಹೋಗುತ್ತಿದ್ದಿರಿ.

ಅದಕ್ಕೇ ಮೊದಲ ಕೆಲಸ ಮನೆಯಲ್ಲೇ ಕೂತು ಮಾಡುವಂಥದ್ದು. ಸರ್ಕಾರಿ ಕಾಗದದಲ್ಲಿ ನಿಮ್ಮ ಬಡಾವಣೆಗೆ ಎಷ್ಟು ಹೆಸರಿವೆ ಎಂದು ಪಟ್ಟಿ ಮಾಡಿ. ಜನ ಕರೆಯುವ ಹೆಸರು ಒಂದು. ಲೇಔಟ್ ಅನುಮೋದನೆ ಆದಾಗಿನ ಹೆಸರು ಇನ್ನೊಂದು. ಊರು ಬೆಳೆಯುವ ಮೊದಲು ಆ ಜಾಗ ಇದ್ದ ಹಳ್ಳಿಯ ಹೆಸರು ಮತ್ತೊಂದು, ಕಂದಾಯ ದಾಖಲೆಯಲ್ಲಿ ಅದೇ ಉಳಿದಿರುತ್ತದೆ. ವಾರ್ಡ್ ನಂಬರ್ ಒಂದು, ಆದರೆ ವಾರ್ಡ್ ವಿಂಗಡಣೆ ಆದಾಗಲೆಲ್ಲ ಅದು ಬದಲಾಗುತ್ತದೆ, ಹಳೆಯ ನಂಬರೂ ಬರೆದಿಡಿ. ಎಲ್ಲಕ್ಕಿಂತ ಮುಖ್ಯ, ಅಜೆಂಡಾದಲ್ಲಿ 'ಸ.ನಂ.' ಎಂದು ಬರುವ ಸರ್ವೆ ನಂಬರ್‌ಗಳು. ಬಡಾವಣೆಯ ನಾಲ್ಕು ಮೂಲೆಯ ಮನೆಯವರ ಕ್ರಯಪತ್ರ ತೆಗೆಸಿ ನೋಡಿದರೆ ಸಿಗುತ್ತವೆ. ಪಾರ್ಕು, ಸಿಎ (ನಾಗರಿಕ ಸೌಲಭ್ಯ) ನಿವೇಶನ, ರಾಜಕಾಲುವೆ, ನಿಮ್ಮ ಎದುರಿನ ಖಾಲಿ ಜಾಗ, ಇವುಗಳ ನಂಬರ್ ಬೇರೆಯಾಗಿ ಗುರುತು ಹಾಕಿಕೊಳ್ಳಿ. ಒಂದು ಹಾಳೆಗೆ ಮೀರುವುದಿಲ್ಲ. ಅಜೆಂಡಾ ಕೈಗೆ ಬಂದಾಗ ಆ ಹಾಳೆ ಪಕ್ಕದಲ್ಲಿಟ್ಟುಕೊಂಡು ಓದಿ. ಹತ್ತು ನಿಮಿಷದ ಕೆಲಸ. ಮೂವತ್ತು ನಲವತ್ತು ಐಟಂ ಇದ್ದರೂ ನಿಮಗೆ ಸಂಬಂಧಪಟ್ಟದ್ದು ಎರಡೋ ಮೂರೋ ಇರುತ್ತದೆ.

ಇನ್ನು ಆ ಕೊನೆಯ ಐಟಂ, "ಇತರೆ ವಿಷಯಗಳು." ಅದರ ಬಗ್ಗೆ ಸ್ವಲ್ಪ ಹೊಟ್ಟೆಯುರಿ ಇದೆ ನನಗೆ. ನಾನಿದ್ದ ಒಂದು ಊರಿನಲ್ಲಿ ಬೀದಿ ನಲ್ಲಿಗಳನ್ನು ಕಿತ್ತುಹಾಕುವ ತೀರ್ಮಾನ ಹೀಗೇ ಆಯಿತು. ಮಧ್ಯಾಹ್ನ ಎರಡೂವರೆ ದಾಟಿತ್ತು. ಎಲ್ಲರಿಗೂ ಊಟದ ಆತುರ. ಅರ್ಧ ಸದಸ್ಯರು ಆಗಲೇ ಎದ್ದು ಹೊರಗೆ ಹೋಗಿದ್ದರು. ಯಾರೋ ಎದ್ದು ನೀರು ಪೋಲಾಗುತ್ತಿದೆ, ಮನೆಮನೆಗೆ ನಲ್ಲಿ ಇದೆಯಲ್ಲ, ಬೀದಿ ನಲ್ಲಿ ಯಾಕೆ ಎಂದರು. ಇನ್ನೊಬ್ಬರು ಹೌದು ಎಂದರು. "ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದು ನಾನು ಮೂರು ಸಾಲು ಬರೆದೆ. ಅಜೆಂಡಾದಲ್ಲಿ ಇಲ್ಲದ ವಿಷಯ, ಯಾರಿಗೂ ಮುಂಚೆ ಗೊತ್ತಿಲ್ಲ. ಮುಂದಿನ ವಾರ ಖಾಲಿ ಕೊಡ ಹಿಡಿದ ಹೆಂಗಸರು ಕಚೇರಿ ಮೆಟ್ಟಿಲ ಮೇಲೆ ಕೂತಿದ್ದರು. ಮನೆಯಲ್ಲಿ ನಲ್ಲಿ ಇಲ್ಲದವರೇ ಎಲ್ಲ. ಅವರನ್ನು ದಾಟಿಕೊಂಡು ಒಳಗೆ ಹೋಗುವಾಗ ನನ್ನ ಕೈಬರಹದ ಆ ಮೂರು ಸಾಲು ನೆನಪಾಗಿ ಹೇಗೋ ಆಯಿತು.

ನನ್ನ ಅಕ್ಕನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ಬ್ರೌನ್ ಕಾಯ್ದೆ ಅಂತ ಒಂದಿದೆ, 1953ರದ್ದು. ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮುಂಚೆ ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಹಾಕಬೇಕು. ತುರ್ತು ಅಂಥ ಕೆಲವು ಸಂದರ್ಭ ಬಿಟ್ಟರೆ ಅದರಲ್ಲಿ ಇಲ್ಲದ ವಿಷಯದ ಮೇಲೆ ತೀರ್ಮಾನ ಮಾಡುವ ಹಾಗಿಲ್ಲ. ಸಭೆಗೆ ಬಂದ ಯಾರು ಬೇಕಾದರೂ ಎದ್ದು ಮಾತಾಡಬಹುದು. ಅವನು ಹೇಳಿದಾಗ ನನಗೆ ಆ ಕೊಡಗಳೇ ನೆನಪಾದವು. ಇರಲಿ, ನಮ್ಮ ಊರಿಗೆ ಬರೋಣ.

ಅಜೆಂಡಾ ಸಿಗುವುದು ಎಲ್ಲಿ? ನಿಮ್ಮ ವಾರ್ಡ್ ಸದಸ್ಯರ ಹತ್ತಿರ. ಸುಮ್ನೆ ಕೇಳಿ. "ಅಜೆಂಡಾ ಬಂದ ದಿನ ಫೋಟೋ ತೆಗೆದು ಕಳಿಸ್ತೀರಾ?" ಎಂದು ಗೌರವದಿಂದ ಕೇಳಿದರೆ ಹತ್ತರಲ್ಲಿ ಏಳು ಜನ ಕಳಿಸುತ್ತಾರೆ, ಇದು ನನ್ನ ಅನುಭವದ ಲೆಕ್ಕ. ಅವರಿಗೂ ಅದು ಒಳ್ಳೆಯದೇ. ಎಷ್ಟೋ ಸದಸ್ಯರು ಅಜೆಂಡಾ ತೆರೆಯುವುದೇ ಸಭೆಯ ಹಾಲ್‌ನಲ್ಲಿ. ನೀವು ಓದಿ "ಐಟಂ 17 ನಮ್ಮ ಎದುರಿನ ಜಾಗದ್ದು" ಎಂದು ಹೇಳಿದರೆ ಅವರಿಗೆ ಮಾತಾಡಲು ಒಂದು ವಿಷಯ ಸಿಕ್ಕಿತು. ನಿಮ್ಮ ಸದಸ್ಯರು ಕೊಡದಿದ್ದರೆ ಪಕ್ಕದ ವಾರ್ಡಿನವರನ್ನು ಕೇಳಿ. ವಿರೋಧ ಪಕ್ಷದವರು ಖುಷಿಯಿಂದ ಕೊಡುತ್ತಾರೆ, ಕೇಳದೇ ಇದ್ದದ್ದನ್ನೂ ಸೇರಿಸಿ ಹೇಳುತ್ತಾರೆ. ಅದನ್ನು ಅರ್ಧಕ್ಕೆ ಇಳಿಸಿ ನಂಬಿ.

ಕಚೇರಿಯ ನೋಟಿಸ್ ಬೋರ್ಡ್ ಇದೆ. ಗಾಜಿನ ಬಾಗಿಲು, ಬೀಗ, ಒಳಗೆ ಹಳದಿಯಾದ ಕಾಗದ. ಆದರೂ ತಿಂಗಳಿಗೆ ಎರಡು ಸಲ ನೋಡಿ ಬನ್ನಿ. ನಗರಸಭೆಯ ವೆಬ್‌ಸೈಟಿನಲ್ಲಿ ಸಭೆ, ನಡಾವಳಿ ಎಂಬ ಜಾಗ ಇದ್ದರೆ ತೆರೆದು ನೋಡಿ, ಕೊನೆಯದಾಗಿ ಹಾಕಿದ್ದು ಯಾವಾಗ ಎಂದು ಗಮನಿಸಿ. ಹಳೆಯದಾಗಿದ್ದರೆ ಪೌರಾಯುಕ್ತರಿಗೆ ಒಂದು ಪತ್ರ ಕೊಡಿ, ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಸೀಲಿಲ್ಲದ ಪತ್ರ ಕೊಟ್ಟಂತೆಯೂ ಅಲ್ಲ, ಬಿಟ್ಟಂತೆಯೂ ಅಲ್ಲ.

ಆ ಪತ್ರದಲ್ಲಿ ಏನು ಬರೆಯಬೇಕು ಎನ್ನುವುದು ಮುಖ್ಯ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದರೆ ಹತ್ತು ರೂಪಾಯಿ ಅರ್ಜಿ ಎಂದಷ್ಟೇ ಜನರಿಗೆ ಗೊತ್ತು. ಆದರೆ ಅದರ 4ನೇ ಕಲಂ ಅರ್ಜಿಯೇ ಇಲ್ಲದೆ ಕಚೇರಿಯವರು ತಾವಾಗಿ ಪ್ರಕಟಿಸಬೇಕಾದ ವಿಷಯಗಳ ಬಗ್ಗೆ ಇದೆ. ಅದರಲ್ಲಿ 4(1)(ಬಿ) ಕೆಳಗೆ 17 ಬಾಬತ್ತುಗಳಿವೆ. ಎಂಟನೆಯದು ಏನು ಗೊತ್ತಾ? ಆ ಕಚೇರಿಯಲ್ಲಿರುವ ಮಂಡಳಿ, ಸಮಿತಿಗಳು ಯಾವುವು, ಅವುಗಳ ಸಭೆಗೆ ಸಾರ್ವಜನಿಕರು ಹೋಗಬಹುದಾ, ನಡಾವಳಿ ಸಾರ್ವಜನಿಕರಿಗೆ ಸಿಗುತ್ತದಾ ಎಂದು ಕಚೇರಿಯೇ ಹೇಳಿಕೆ ಹೊರಡಿಸಬೇಕು. ಇನ್ನೊಂದಿದೆ, 4(1)(ಸಿ). ಜನರಿಗೆ ತಟ್ಟುವ ಮುಖ್ಯ ತೀರ್ಮಾನ ಪ್ರಕಟಿಸುವಾಗ ಅದಕ್ಕೆ ಸಂಬಂಧಪಟ್ಟ ಸಂಗತಿಗಳನ್ನೂ ಪ್ರಕಟಿಸಬೇಕು. ನಿಮ್ಮ ಪತ್ರದಲ್ಲಿ ಈ ಎರಡು ಕಲಂ ನಮೂದಿಸಿ, "ಸಾಮಾನ್ಯ ಸಭೆಯ ವಿಷಯಸೂಚಿಯನ್ನು ಸದಸ್ಯರಿಗೆ ಕಳಿಸುವ ದಿನವೇ ನೋಟಿಸ್ ಬೋರ್ಡಿಗೂ ವೆಬ್‌ಸೈಟಿಗೂ ಹಾಕಲು ಕೋರುತ್ತೇವೆ" ಎಂದು ಬರೆಯಿರಿ. ಜಗಳ ಬೇಡ, ಆರೋಪ ಬೇಡ. ಕಲಂ ನಂಬರ್ ಇರುವ ಪತ್ರಕ್ಕೆ ಗುಮಾಸ್ತ ಬೇರೆ ಫೈಲ್ ತೆರೆಯುತ್ತಾನೆ. ನಾನೂ ತೆರೆಯುತ್ತಿದ್ದೆ.

ಸಭೆಗೆ ಹೋಗಿ ಕೂರಬಹುದಾ ಎಂದು ಮುಂದೆ ಕೇಳುತ್ತೀರಿ. ಪತ್ರಕರ್ತರು ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ. ನೀವೂ ಸಭೆಗೆ ಮುಂಚೆ ಅಧ್ಯಕ್ಷರಿಗೆ, ಪೌರಾಯುಕ್ತರಿಗೆ ಲಿಖಿತವಾಗಿ ಕೇಳಿ. ಇಬ್ಬರು ಹೋಗಿ, ಇಪ್ಪತ್ತು ಜನ ಹೋಗಬೇಡಿ. ಇಪ್ಪತ್ತು ಜನ ಹೋದರೆ ಅದು ಧರಣಿ ಅನ್ನಿಸಿಕೊಳ್ಳುತ್ತದೆ, ಪೊಲೀಸರು ಬರುತ್ತಾರೆ. ಇಬ್ಬರು ಹಿರಿಯರು ನೋಟ್‌ಬುಕ್ ಹಿಡಿದು ಸುಮ್ಮನೆ ಕೂತರೆ ಸಭೆಯ ಧಾಟಿಯೇ ಬದಲಾಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬರು ರಿಟೈರ್ಡ್ ಪೋಸ್ಟ್‌ಮಾಸ್ಟರ್ ಬರುತ್ತಿದ್ದರು. ಅವರು ಕೂತ ದಿನ ನನ್ನ ನಡಾವಳಿ ಎರಡು ಪುಟ ಜಾಸ್ತಿ ಆಗುತ್ತಿತ್ತು. ಯಾರು ಏನು ಅಂದರು ಎಂದು ಬರೆಯಲೇಬೇಕಾಗುತ್ತಿತ್ತು.

ನಡಾವಳಿ ಬೇಕೇ ಬೇಕು ಎನ್ನುವುದಾದರೆ ಮಾಹಿತಿ ಹಕ್ಕಿನ ಅರ್ಜಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಟ್ಟರೆ ಆಯಿತು. ಜೆರಾಕ್ಸಿಗೆ ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ. "ನಮ್ಮ ಬೀದಿಗೆ ಸಂತೆ ಯಾಕೆ ತರುತ್ತಿದ್ದೀರಿ?" ಎಂದು ಕೇಳಿದರೆ "ಪ್ರಶ್ನಾರ್ಥಕ ಮಾಹಿತಿ ನೀಡಲು ಅವಕಾಶವಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಕಾಗದ ಕೇಳಿ. ಹೀಗೆ: "ದಿನಾಂಕ ಇಂತಿಂಥದರಿಂದ ಇಂತಿಂಥದವರೆಗೆ ನಡೆದ ಸಾಮಾನ್ಯ, ವಿಶೇಷ ಹಾಗೂ ತುರ್ತು ಸಭೆಗಳ ಸಭಾ ಸೂಚನಾ ಪತ್ರ, ವಿಷಯಸೂಚಿ, ಹಾಜರಾತಿ ಮತ್ತು ನಡಾವಳಿಗಳ ದೃಢೀಕೃತ ಪ್ರತಿ." ಹಾಜರಾತಿ ಕೇಳುವುದನ್ನು ಮರೆಯಬೇಡಿ. ನಿಮ್ಮ ಸದಸ್ಯರು ಅವತ್ತು ಬಂದಿದ್ದರಾ ಎನ್ನುವುದೂ ಒಂದು ಮಾಹಿತಿ, ಅಲ್ವಾ?

ನಡಾವಳಿ ಸಿಕ್ಕಿತು ಎಂದುಕೊಳ್ಳಿ. ಅದರ ಭಾಷೆ ಬೇರೆಯೇ. ನಾನೇ ಬರೆದವನು, ಬಿಡಿಸಿ ಹೇಳುತ್ತೇನೆ. "ಅಂಗೀಕರಿಸಲಾಯಿತು" ಎಂದರೆ ಆಯಿತು, ಕೆಲಸ ಶುರುವಾಗುತ್ತದೆ. "ಸ್ಥಳ ಪರಿಶೀಲಿಸಿ ವರದಿ ಮಂಡಿಸಲು ಸೂಚಿಸಲಾಯಿತು" ಎಂದರೆ ಇನ್ನೂ ಬಾಗಿಲು ತೆರೆದಿದೆ. ಅಲ್ಲೇ ಹೋಗಬೇಕು ನೀವು, ವರದಿ ಬರೆಯುವ ಇಂಜಿನಿಯರ್ ಹತ್ತಿರ. "ಮುಂದಿನ ಸಭೆಗೆ ಮಂಡಿಸಲು ತೀರ್ಮಾನಿಸಲಾಯಿತು" ಎಂದರೆ ಯಾರೋ ತಕರಾರು ತೆಗೆದಿದ್ದಾರೆ. ಯಾರು ಎಂದು ತಿಳಿದುಕೊಂಡರೆ ನಿಮಗೊಬ್ಬ ಜೊತೆಗಾರ ಸಿಗುತ್ತಾನೆ. "ಸರ್ಕಾರದ ಅನುಮೋದನೆಗೆ ಪ್ರಸ್ತಾವನೆ ಸಲ್ಲಿಸಲು" ಎಂದಿದ್ದರೆ ವಿಷಯ ಊರು ಬಿಟ್ಟು ಹೋಯಿತು, ತಿಂಗಳುಗಟ್ಟಲೆ ಸಮಯ ಇದೆ. ಇನ್ನೊಂದು ಪದ ಇದೆ, "ಘಟನೋತ್ತರ ಮಂಜೂರಾತಿ." ಇದು ಕಂಡರೆ ನಿಲ್ಲಿ. ಕೆಲಸ ಮೊದಲೇ ಮಾಡಿ, ಹಣವೂ ಖರ್ಚಾಗಿ, ಈಗ ಸಭೆಯ ಒಪ್ಪಿಗೆ ಕೇಳುತ್ತಿದ್ದಾರೆ ಎಂದು ಅರ್ಥ. ಪೈಪ್ ಒಡೆದಾಗ, ಪ್ರವಾಹ ಬಂದಾಗ ಇದು ಸರಿಯೇ. ಪ್ರತಿ ಸಭೆಯಲ್ಲೂ ಹತ್ತು ಹತ್ತು ಬರುತ್ತಿದ್ದರೆ ಮಾತ್ರ ಕೇಳಬೇಕಾದ ಮಾತಿದೆ.

ಈಗ ವಾಟ್ಸಾಪ್ ಗುಂಪಿಗೆ ಬರೋಣ. ಅಜೆಂಡಾದ ಫೋಟೋ ಹಾಗೇ ಹಾಕಿಬಿಟ್ಟರೆ ಯಾರೂ ಓದುವುದಿಲ್ಲ. ಹನ್ನೆರಡು ಪುಟದ ಸ್ಕ್ಯಾನ್ ಕಾಪಿ, ಓರೆ ಬೇರೆ. ನೀವು ಅದನ್ನು ಬೀದಿಯ ಭಾಷೆಗೆ ತರಬೇಕು. ಪಾಠ ಹೇಳಿದವರು ನೀವು, ಇದು ನಿಮಗೆ ಬರುತ್ತದೆ. ನಾನಾದರೆ ನಿಮ್ಮ ಸಂತೆ ವಿಷಯವನ್ನು ಹೀಗೆ ಬರೆಯುತ್ತಿದ್ದೆ:

"ಸೋಮವಾರದ ಸಂತೆಯನ್ನು ನಮ್ಮ 3ನೇ ಅಡ್ಡರಸ್ತೆ ಎದುರಿನ ಖಾಲಿ ಜಾಗಕ್ಕೆ ತರುವ ವಿಷಯ ಈ ಗುರುವಾರದ ನಗರಸಭೆ ಸಭೆಯಲ್ಲಿದೆ (ಐಟಂ 17). ಇನ್ನೂ ತೀರ್ಮಾನ ಆಗಿಲ್ಲ. ಶೌಚಾಲಯ, ಗಾಡಿ ನಿಲ್ಲಿಸುವ ಜಾಗ, ಕಸ ಎತ್ತುವ ವ್ಯವಸ್ಥೆ ಬಗ್ಗೆ ಅಜೆಂಡಾದಲ್ಲಿ ಏನೂ ಬರೆದಿಲ್ಲ. ಬುಧವಾರ ಸಂಜೆ 6ಕ್ಕೆ ವಾರ್ಡ್ ಸದಸ್ಯರನ್ನು ಭೇಟಿ ಮಾಡುತ್ತಿದ್ದೇವೆ. ಹೇಳುವುದಿದ್ದರೆ ಅಷ್ಟರಲ್ಲಿ ನನಗೆ ತಿಳಿಸಿ."

ನೋಡಿ, ಯಾರ ಮನೆ ಮುಂದೆ ಏನು ಬದಲಾಗುತ್ತದೆ ಎನ್ನುವುದು ಮೊದಲ ಸಾಲಿನಲ್ಲೇ ಇದೆ. ವಿಷಯ ಯಾವ ಹಂತದಲ್ಲಿದೆ ಎಂದು ಬಿಡಿಸಿ ಹೇಳಿದೆ. ಜನಕ್ಕೆ ಗಾಬರಿ ಆಗುವುದು ಹಂತ ಗೊತ್ತಿಲ್ಲದಾಗ. ಅಜೆಂಡಾಕ್ಕೆ ಬಂದದ್ದನ್ನೇ ಪಾಸಾಯಿತು ಎಂದುಕೊಂಡು ಕೂಗಾಡುತ್ತಾರೆ, ಪಾಸಾದದ್ದನ್ನು ಇನ್ನೂ ಚರ್ಚೆಯಲ್ಲಿದೆ ಎಂದುಕೊಂಡು ಮಲಗಿಬಿಡುತ್ತಾರೆ. ಇನ್ನೊಂದು, ಆ ಸಂದೇಶದಲ್ಲಿ ನಿಮ್ಮ ಅಭಿಪ್ರಾಯ ಹಾಕಬೇಡಿ. "ಇದು ಅನ್ಯಾಯ" ಎಂದು ಬರೆಯಬೇಕೆನಿಸಿದರೆ ಬೇರೆ ಸಂದೇಶದಲ್ಲಿ, ನಿಮ್ಮ ಸ್ವಂತ ಹೆಸರಿನಲ್ಲಿ ಬರೆಯಿರಿ. ಸುದ್ದಿಗೂ ಸಿಟ್ಟಿಗೂ ಒಂದೇ ಪಾತ್ರೆ ಆದರೆ, ಆಡಳಿತ ಪಕ್ಷದ ಕಡೆಯ ಹತ್ತು ಮನೆಯವರು ಗುಂಪು ಬಿಡುತ್ತಾರೆ. ತಪ್ಪು ಮಾಹಿತಿ ಹೋದರೆ ಅಳಿಸಬೇಡಿ, "ನಿನ್ನೆ ನಾನು ಹೇಳಿದ್ದು ತಪ್ಪು, ಸರಿಯಾದದ್ದು ಇದು" ಎಂದು ಹಾಕಿ. ಗುಡ್ ಮಾರ್ನಿಂಗ್ ಕಾಟಕ್ಕೆ ಅಡ್ಮಿನ್ ಮಾತ್ರ ಬರೆಯುವ ಇನ್ನೊಂದು ಗುಂಪು ಮಾಡಿ. ತಿಂಗಳಿಗೆ ಎರಡೇ ಸಂದೇಶ ಬರಲಿ, ಸಭೆಗೆ ಮುಂಚೆ ಒಂದು, ಸಭೆ ಆದ ಮೇಲೆ ಒಂದು. ಕಡಿಮೆ ಬಂದರೆ ಓದುತ್ತಾರೆ.

ಆ 140 ಮನೆಯಲ್ಲಿ ಬಾಡಿಗೆಯವರು ಇದ್ದಾರಾ? ಸಾಮಾನ್ಯವಾಗಿ ಸಂಘದ ಗುಂಪಿನಲ್ಲಿ ಮಾಲೀಕರೇ ಇರುತ್ತಾರೆ, ಅದರಲ್ಲಿ ಕಾಲು ಭಾಗ ಬೆಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ನೀರು ಬರದಿದ್ದರೆ ಕಷ್ಟ ಪಡುವವರು ಬಾಡಿಗೆಯವರು. ಅವರನ್ನೂ ಸೇರಿಸಿ. ಫೋನ್ ನೋಡದ ಅಜ್ಜಂದಿರು, ಹಿಂದಿನ ಗಲ್ಲಿಯ ಪೌರಕಾರ್ಮಿಕರ ಮನೆಗಳು, ಮೂಲೆ ಅಂಗಡಿಯವರು, ಇವರಿಗೆ ಒಂದು ಹಾಳೆ ಪ್ರಿಂಟ್ ತೆಗೆದು ಹಾಲಿನ ಬೂತಿನಲ್ಲಿ, ನ್ಯಾಯಬೆಲೆ ಅಂಗಡಿ ಬಾಗಿಲಲ್ಲಿ ಅಂಟಿಸಿ. ದಪ್ಪ ಅಕ್ಷರದಲ್ಲಿ ಎಂಟು ಸಾಲು ಸಾಕು. ನಿಮ್ಮ ಊರಿನಲ್ಲಿ ಉರ್ದು ಓದುವವರು ಜಾಸ್ತಿ ಇದ್ದರೆ ಅದೇ ಹಾಳೆಯ ಕೆಳಗೆ ಉರ್ದುವಿನಲ್ಲಿ ನಾಲ್ಕು ಸಾಲು ಬರೆಸಿ. ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ.

ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು ಹೇಳುತ್ತೇನೆ. ಆ ಸಂತೆಯ ವ್ಯಾಪಾರಿಗಳಿಗೂ ಯಾರೂ ಹೇಳಿರಲಿಕ್ಕಿಲ್ಲ. ಪೇಟೆ ನಡುವೆ ಸೊಪ್ಪು ಮಾರುತ್ತಿದ್ದವಳಿಗೆ ನಿಮ್ಮ ಬಡಾವಣೆ ಊರಾಚೆ. ಗಿರಾಕಿ ಬರುತ್ತಾರೋ ಇಲ್ಲವೋ ಎಂದು ಅವಳಿಗೂ ನಿದ್ದೆ ಇಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಅಂತ ಇದೆ. ಅದರಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು, ನಿವಾಸಿಗಳ ಸಂಘಕ್ಕೂ ಜಾಗ ಇದೆ. ಆ ಸಮಿತಿ ನಿಮ್ಮ ಊರಿನಲ್ಲಿ ಸಭೆ ಸೇರಿದೆಯಾ, ಈ ಸ್ಥಳಾಂತರದ ಮಾತು ಅಲ್ಲಿ ಬಂದಿತ್ತಾ ಎಂದು ಕೇಳಿ. ಅದರ ನಡಾವಳಿಗೂ ಅದೇ ಹತ್ತು ರೂಪಾಯಿ ಅರ್ಜಿ. ವ್ಯಾಪಾರಿಗಳ ಜೊತೆ ಮಾತಾಡದೆ "ನಮ್ಮ ಬೀದಿಗೆ ಸಂತೆ ಬೇಡ" ಎಂದು ಹೊರಟರೆ, ನಿಮಗೆ ಹೇಳದೆ ತೀರ್ಮಾನ ಮಾಡಿದವರಿಗೂ ನಿಮಗೂ ಜಾಸ್ತಿ ವ್ಯತ್ಯಾಸ ಉಳಿಯುವುದಿಲ್ಲ.

ಎಲ್ಲ ತೀರ್ಮಾನವೂ ನಗರಸಭೆಯ ಅಜೆಂಡಾದಲ್ಲಿ ಸಿಗುತ್ತದೆ ಎಂದುಕೊಳ್ಳಬೇಡಿ. ನಿಮ್ಮ ರಸ್ತೆ ಅಗೆಯುವವರಲ್ಲಿ ಅರ್ಧ ಜನ ಬೇರೆಯವರು. ಒಳಚರಂಡಿ, ಕುಡಿಯುವ ನೀರಿನ ದೊಡ್ಡ ಯೋಜನೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದು. ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು ಇರಬಹುದು. ಕಂಬ, ತಂತಿ ವಿದ್ಯುತ್ ಕಂಪನಿಯದು. ಲೇಔಟ್ ನಕ್ಷೆ ಯೋಜನಾ ಪ್ರಾಧಿಕಾರದ್ದು. ಶಾಸಕರ ಅನುದಾನದ ಕೆಲಸ ಇನ್ನೊಂದು ದಾರಿಯಲ್ಲಿ ಬರುತ್ತದೆ. ಹಾಗಾಗಿ ಕೆಲಸ ಶುರುವಾದ ಜಾಗದಲ್ಲಿ ಮೊದಲ ಪ್ರಶ್ನೆ "ಯಾರ ಕೆಲಸ, ಯಾವ ಅನುದಾನ?" ಎಂದು ಇರಲಿ. ಮೇಸ್ತ್ರಿಗೆ ಗೊತ್ತಿರುವುದಿಲ್ಲ, ಆದರೆ ಗುತ್ತಿಗೆದಾರರ ಫೋನ್ ನಂಬರ್ ಕೊಡುತ್ತಾನೆ. ನಾಳೆ ನೀರು ಬರುತ್ತಾ ಎನ್ನುವುದಕ್ಕೆ ಮಾತ್ರ ಯಾವ ಅಜೆಂಡಾವೂ ಬೇಡ, ನೀರು ಬಿಡುವವನ ನಂಬರ್ ಸಾಕು.

ಸಭೆಯೇ ಇಲ್ಲದ ಕಾಲವೂ ಬರುತ್ತದೆ. 2018ರಲ್ಲಿ ಚುನಾವಣೆ ಆದ ಎಷ್ಟೋ ಊರುಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ವಿವಾದ ಕೋರ್ಟಿನಲ್ಲಿದ್ದು, ಗೆದ್ದ ಸದಸ್ಯರು ಸುಮಾರು ಎರಡು ವರ್ಷ ಅಧಿಕಾರ ಇಲ್ಲದೆ ಕೂತಿದ್ದರು. ಬೆಂಗಳೂರಿನ ಕಥೆ ಗೊತ್ತೇ ಇದೆ, ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಆಡಳಿತಾಧಿಕಾರಿ ಇರುವಾಗ ಅಜೆಂಡಾ ಫೋಟೋ ಕಳಿಸುವ ಸದಸ್ಯರಿರುವುದಿಲ್ಲ, ಒಂದು ಸಹಿಯಲ್ಲಿ ತೀರ್ಮಾನ ಆಗುತ್ತದೆ. ಆಗ ಟೆಂಡರ್ ಪ್ರಕಟಣೆಗಳ ಮೇಲೆ ಕಣ್ಣಿಡಬೇಕು. ರಾಜ್ಯದ ಇ-ಸಂಗ್ರಹಣೆ ಪೋರ್ಟಲ್‌ನಲ್ಲಿ ನಿಮ್ಮ ನಗರಸಭೆಯ ಹೆಸರು ಹಾಕಿ ಹುಡುಕಿದರೆ ಯಾವ ಕೆಲಸಕ್ಕೆ ಎಷ್ಟು ಹಣ ಎಂದು ಕಾಣುತ್ತದೆ. ಸದಸ್ಯರು ಇದ್ದಾಗಲೂ ಇದು ಒಳ್ಳೆಯ ಅಭ್ಯಾಸ.

ವರ್ಷಕ್ಕೊಂದು ಸಲ ನಿಮ್ಮನ್ನೇ ಕರೆಯುವ ಸಭೆಯೂ ಇದೆ, ಬಜೆಟ್ ಪೂರ್ವಭಾವಿ ಸಭೆ. ಡಿಸೆಂಬರ್, ಜನವರಿ ಹೊತ್ತಿಗೆ ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ಬರುತ್ತದೆ, ಸಾರ್ವಜನಿಕರು ಸಲಹೆ ನೀಡಬಹುದು ಎಂದು. ನಾನಿದ್ದ ಊರುಗಳಲ್ಲಿ ಹದಿನೈದು ಇಪ್ಪತ್ತು ಜನ ಬಂದರೆ ಹೆಚ್ಚು. ಉಪ್ಪಿಟ್ಟು ಉಳಿಯುತ್ತಿತ್ತು. ಬಂದವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆವು, ಅದರಲ್ಲಿ ಕೆಲವು ಬಜೆಟ್ಟಿಗೂ ಸೇರುತ್ತಿದ್ದವು, ಬೇರೆ ಯಾರೂ ಏನೂ ಕೇಳಿರುತ್ತಿರಲಿಲ್ಲವಲ್ಲ. ಆ ದಿನಾಂಕವನ್ನು ಈಗಲೇ ಕಚೇರಿಯಲ್ಲಿ ವಿಚಾರಿಸಿ ಇಟ್ಟುಕೊಳ್ಳಿ.

ಇಷ್ಟು ಕೆಲಸ ಒಬ್ಬರೇ ಮಾಡಲು ಹೋಗಬೇಡಿ, ಆರು ತಿಂಗಳಲ್ಲಿ ಸಾಕುಸಾಕಾಗಿಬಿಡುತ್ತದೆ. ಅಜೆಂಡಾ ತರುವವರು ಒಬ್ಬರು, ಓದಿ ಬರೆಯುವವರು ನೀವು, ಹಾಳೆ ಅಂಟಿಸುವ ಒಬ್ಬ ಹುಡುಗ. ಮೂವರು ಸಾಕು. ಬಂದ ಕಾಗದವೆಲ್ಲ ಒಂದು ಬಾಕ್ಸ್ ಫೈಲಿನಲ್ಲಿ ತಾರೀಕಿನ ಪ್ರಕಾರ ಇರಲಿ. ಎರಡು ವರ್ಷ ಕಳೆದರೆ ಕಚೇರಿಯವರೇ ನಿಮ್ಮ ಹತ್ತಿರ ಹಳೆಯ ಠರಾವು ಕೇಳಿಕೊಂಡು ಬರುತ್ತಾರೆ. ನಗಬೇಡಿ, ನಾನು ಹೋಗಿದ್ದೇನೆ ಆ ಪೋಸ್ಟ್‌ಮಾಸ್ಟರ್ ಮನೆಗೆ.

ಈಗಿನ ಸಂತೆ ವಿಷಯಕ್ಕೆ ಬಂದರೆ, ನಾಳೆಯೇ ಮಾಡಬೇಕಾದ್ದು ಇದು. ಆ ಠರಾವಿನ ಪ್ರತಿ ಪಡೆದು ಓದಿ, ಅದರಲ್ಲಿ ಮೂಲಸೌಕರ್ಯ ಎಂದು ಏನೇನು ಬರೆದಿದೆ ನೋಡಿ. ವಿಷಯವನ್ನು ಮತ್ತೆ ಸಭೆಗೆ ತನ್ನಿ ಎಂದು ಅಧ್ಯಕ್ಷರಿಗೂ ಪೌರಾಯುಕ್ತರಿಗೂ ಸಂಘದ ಲೆಟರ್‌ಹೆಡ್‌ನಲ್ಲಿ ಮನವಿ ಕೊಡಿ. ಜನರಿಗೆ ತೊಂದರೆ ಆಗುವಂಥ ಅಥವಾ ಕಾನೂನಿಗೆ ವಿರುದ್ಧವಾದ ಠರಾವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ, ಒಂದು ಪ್ರತಿ ಅಲ್ಲಿಗೂ ಹೋಗಲಿ. ಸಂತೆ ಸುಂಕ ವಸೂಲಿಯ ಹರಾಜು ಸಾಮಾನ್ಯವಾಗಿ ಏಪ್ರಿಲ್ ಶುರುವಾಗುವ ಮುಂಚೆ ನಡೆಯುತ್ತದೆ, ಅದಕ್ಕೆ ಪ್ರಕಟಣೆ ಬರುತ್ತದೆ. ಯಾವ ಜಾಗದ ಸಂತೆ ಎಂದು ಅದರಲ್ಲಿ ಬರೆದಿರುತ್ತದೆ. ಒಬ್ಬರು ಸುಂಕ ಹಿಡಿದು ಹಣ ಕಟ್ಟಿಬಿಟ್ಟರೆ ಆಮೇಲೆ ಜಾಗ ಬದಲಿಸುವುದು ಕಷ್ಟ. ಶೌಚಾಲಯ, ನೀರು, ಸಂಜೆ ಕಸ ಎತ್ತುವ ಗಾಡಿ, ಈ ಮೂರನ್ನು ಹರಾಜಿನ ಷರತ್ತಿನಲ್ಲೇ ಬರೆಸಲು ಆಗುತ್ತದಾ ಎಂದು ಕಂದಾಯ ವಿಭಾಗದಲ್ಲಿ ಕೇಳಿ. ಮಧ್ಯಾಹ್ನ ಮೂರರ ಮೇಲೆ ಹೋಗಿ. ಬೆಳಿಗ್ಗೆ ಕೌಂಟರಿನಲ್ಲಿ ಖಾತೆಯವರ ಸಾಲು ಇರುತ್ತದೆ.